ವಾರದ ಸಭೆಯೂ ವರ್ಷದ ನಿಧಿಯೂ

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬಿನ ನಿಧಿ ಸಂಗ್ರಹ ನಿರೀಕ್ಷೆಯ ಅರ್ಧಕ್ಕೇ ನಿಂತಾಗ ಪರಾಮರ್ಶೆ ಸಭೆಯಲ್ಲಿ ಕೇಳಿಬರುವ ಕಾರಣಗಳು ಹೆಚ್ಚುಕಡಿಮೆ ಒಂದೇ. ದಿನಾಂಕ ಸರಿಯಿರಲಿಲ್ಲ, ಮಳೆ ಬಂತು, ಅದೇ ಸಂಜೆ ಬೇರೆ ಕಡೆ ದೊಡ್ಡ ಕಾರ್ಯಕ್ರಮವಿತ್ತು, ಮಾರಬೇಕಾದ ಟಿಕೆಟ್ ಸದಸ್ಯರ ಕೈಗೆ ಬಂದದ್ದೇ ತಡವಾಗಿ. ಇವೆಲ್ಲ ನಿಜವಿರಬಹುದು. ಆದರೂ ಹಿಂದಿನ ಆರು ತಿಂಗಳ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿದರೆ ಬೇರೆಯೇ ಒಂದು ಕಾರಣ ಕಣ್ಣಿಗೆ ಬೀಳುತ್ತದೆ. ಟಿಕೆಟ್ ಪುಸ್ತಕವನ್ನು ಹಾಗೇ ಹಿಂದಿರುಗಿಸಿದವರಲ್ಲಿ ಹೆಚ್ಚಿನವರು ಅದಕ್ಕೂ ಎಷ್ಟೋ ಮೊದಲೇ ಸಭೆಗೆ ಬರುವುದನ್ನು ಕಡಿಮೆ ಮಾಡಿರುತ್ತಾರೆ. ಸಭೆಗೆ ಬಾರದವರಿಗೆ ಈ ಹಣ ಯಾರಿಗೆ, ಯಾಕೆ ಎಂಬುದು ಸರಿಯಾಗಿ ಗೊತ್ತಿರುವುದಿಲ್ಲ. ತನಗೇ ಗೊತ್ತಿಲ್ಲದ್ದಕ್ಕೆ ಇನ್ನೊಬ್ಬರ ಬಳಿ ಹಣ ಕೇಳುವುದು ಯಾರಿಗಾದರೂ ಮುಜುಗರವೇ.

ಹಾಗಾಗಿ ನಿಧಿ ಸಂಗ್ರಹದ ಬಗ್ಗೆ ಬರೆಯಹೊರಟರೆ ಸದಸ್ಯರ ಸುದ್ದಿಯನ್ನೂ ಅತಿಥಿಗಳ ಮಾತನ್ನೂ ಬಿಟ್ಟು ಬರೆಯಲಾಗದು. ಬಹಳಷ್ಟು ಕ್ಲಬ್ಬುಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ಸಮಿತಿಗಳಿರುತ್ತವೆ. ಒಂದು ಸಮಿತಿ ಮಾಡಿದ್ದು ಇನ್ನೊಂದಕ್ಕೆ ತಿಳಿಯುವುದು ಸಭೆಯ ದಿನವೇ. ಹಣ ಹುಟ್ಟುವ ಜಾಗ ವಾರದ ಅಥವಾ ಹದಿನೈದು ದಿನದ ಆ ಒಂದು ಗಂಟೆಯ ಸಭೆ. ವರ್ಷದ ದೊಡ್ಡ ಕಾರ್ಯಕ್ರಮದಲ್ಲಿ ಅದು ಎಣಿಕೆಗೆ ಸಿಗುತ್ತದೆ, ಅಷ್ಟೇ.

ಇತಿಹಾಸವೂ ಇದನ್ನೇ ಹೇಳುತ್ತದೆ. 1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಪರಿಚಿತರ ಜೊತೆ ಕೂತಾಗ ರೋಟರಿಗೆ ಸೇವೆಯ ಯೋಜನೆ ಇರಲಿಲ್ಲ, ನಿಧಿಯೂ ಇರಲಿಲ್ಲ. ದೊಡ್ಡ ನಗರದಲ್ಲಿ ಒಬ್ಬರಿಗೊಬ್ಬರು ಪರಿಚಯವಿರಬೇಕು ಎಂಬ ಆಸೆಯಷ್ಟೇ ಇತ್ತು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಮೊದಲ ಸೇವಾ ಕೆಲಸ ಶುರುವಾದದ್ದು ಈ ಒಡನಾಟ ಗಟ್ಟಿಯಾದ ಮೇಲೆ. ಇನ್ನು ನಿಧಿಯ ವಿಚಾರ: ಜಗತ್ತಿನ ಒಳಿತಿಗಾಗಿ ಒಂದು ಶಾಶ್ವತ ನಿಧಿ ಇರಲಿ ಎಂದು ಆಗಿನ ರೋಟರಿ ಅಧ್ಯಕ್ಷ ಆರ್ಚ್ ಕ್ಲಂಫ್ ಸೂಚಿಸಿದ್ದು 1917ರಲ್ಲಿ. ಅದಕ್ಕೆ ಬಂದ ಮೊದಲ ದೇಣಿಗೆ ಕ್ಯಾನ್ಸಸ್ ಸಿಟಿ ಕ್ಲಬ್ಬಿನದು, 26 ಡಾಲರ್ 50 ಸೆಂಟ್. ಸ್ನೇಹ ಮೊದಲು, ಸೇವೆ ಆಮೇಲೆ, ಹಣ ಕೊನೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಕ್ಲಬ್ಬು ಎರಡು ವರ್ಷ ನಡೆಯಬಹುದು, ಹತ್ತು ವರ್ಷ ನಡೆಯಲಾರದು.

ಅತಿಥಿಯ ಒಂದು ಮಾತು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಲಯನ್ಸ್ ಸಂಸ್ಥೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ವಿಮಾ ವ್ಯವಹಾರದಲ್ಲಿದ್ದ ಮೆಲ್ವಿನ್ ಜೋನ್ಸ್ 1917ರಲ್ಲಿ ಷಿಕಾಗೊದಲ್ಲಿ ಹಲವು ಕ್ಲಬ್ಬುಗಳನ್ನು ಒಟ್ಟುಗೂಡಿಸಿ ಶುರುಮಾಡಿದ ಈ ಸಂಸ್ಥೆಯ ಸಮಾವೇಶಕ್ಕೆ 1925ರಲ್ಲಿ ಅತಿಥಿಯಾಗಿ ಬಂದವರು ದೃಷ್ಟಿಯೂ ಶ್ರವಣವೂ ಇಲ್ಲದ ಲೇಖಕಿ ಹೆಲೆನ್ ಕೆಲರ್. ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಆ ಸಭೆಯಲ್ಲಿ ಅವರು ಕೇಳಿದ್ದು ಅಂಧರ ಪರವಾಗಿ ನೀವು ಹೋರಾಡುತ್ತೀರಾ ಎಂದು. ಕಣ್ಣಿನ ಸೇವೆ ಅಂದರೆ ಲಯನ್ಸ್ ಎನ್ನುವಂತಾದದ್ದು ಅಲ್ಲಿಂದ. ಅವರ ಮಾತು ಚಿಕ್ಕದಾಗಿತ್ತು, ಕೇಳಿಕೆ ಒಂದೇ ಆಗಿತ್ತು, ಆ ಕೇಳಿಕೆಗೆ ಉತ್ತರ ಕೊಡಬಲ್ಲವರು ಎದುರಿಗೇ ಕೂತಿದ್ದರು. ಅತಿಥಿಯನ್ನು ಕರೆಯುವಾಗ ನೋಡಬೇಕಾದದ್ದೂ ಇದನ್ನೇ. ದೊಡ್ಡ ಹೆಸರು ಬೇಕೆಂದೇನೂ ಇಲ್ಲ. ಡಯಾಲಿಸಿಸ್ ಘಟಕಕ್ಕೆ ಯಂತ್ರ ಕೊಡಿಸುವ ಯೋಚನೆ ಕ್ಲಬ್ಬಿಗಿದ್ದರೆ, ಆ ಘಟಕದಲ್ಲಿ ದಿನವೂ ನಿಲ್ಲುವ ತಂತ್ರಜ್ಞರ ಇಪ್ಪತ್ತು ನಿಮಿಷ ಯಾವ ಗಣ್ಯರ ಒಂದು ಗಂಟೆಗಿಂತಲೂ ಮೇಲು. ಒಂದು ಪಾಳಿಗೆ ಎಷ್ಟು ಜನ, ಎಷ್ಟು ಜನ ಕಾಯುತ್ತಿದ್ದಾರೆ, ಯಂತ್ರ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಅವರ ಬಾಯಲ್ಲೇ ಕೇಳಿದ ಸದಸ್ಯರಿಗೆ ಮರುದಿನ ಟಿಕೆಟ್ ಮಾರುವಾಗ ಮಾತಿಗೆ ತಡಕಾಡಬೇಕಾಗುವುದಿಲ್ಲ.

ಆದ್ದರಿಂದ ಅತಿಥಿಗಳ ಪಟ್ಟಿಯನ್ನು ನಿಧಿ ಸಂಗ್ರಹದ ದಿನಾಂಕದಿಂದ ಹಿಂದಕ್ಕೆ ಎಣಿಸಿ ಮಾಡಬೇಕು. ದೊಡ್ಡ ಕಾರ್ಯಕ್ರಮಕ್ಕೆ ನಾಲ್ಕು ತಿಂಗಳಿರುವಾಗ ಸಮಸ್ಯೆಯನ್ನು ಬಲ್ಲವರು ಬರಲಿ, ಎರಡು ತಿಂಗಳಿರುವಾಗ ಆ ಕೆಲಸವನ್ನು ಬೇರೆಡೆ ಮಾಡಿ ಮುಗಿಸಿದವರು ಬರಲಿ. ಕಾರ್ಯಕ್ರಮ ಮುಗಿದ ಮೇಲೆ, ಹಣ ತಲುಪಿದ ಕಡೆಯಿಂದ ಒಬ್ಬರು ಬಂದು ಏನಾಯಿತು ಎಂದು ಹೇಳಲಿ. ಉಳಿದ ವಾರಗಳಲ್ಲಿ ಯಾವ ವಿಷಯವಾದರೂ ಸರಿ. ಪ್ರತಿ ಸಭೆಯೂ ಯೋಜನೆಯ ಸುತ್ತಲೇ ಗಿರಕಿ ಹೊಡೆದರೆ ಜನರಿಗೆ ಸಾಕಾಗುತ್ತದೆ.

ಆಹ್ವಾನ ಆರರಿಂದ ಎಂಟು ವಾರ ಮೊದಲು ಹೋಗಬೇಕು. ಅದರಲ್ಲಿ ದಿನ, ವೇಳೆ, ಜಾಗ, ಎಷ್ಟು ಜನ ಇರುತ್ತಾರೆ, ಅವರಿಗೆ ವಿಷಯ ಎಷ್ಟು ಗೊತ್ತು, ಮಾತಿಗೆ ಎಷ್ಟು ನಿಮಿಷ, ಪ್ರಶ್ನೆಗಳಿಗೆ ಎಷ್ಟು, ಪ್ರೊಜೆಕ್ಟರ್ ಇದೆಯೇ ಇಲ್ಲವೇ ಎಂಬುದೆಲ್ಲ ಇರಬೇಕು. ಎರಡು ವಿಷಯವನ್ನು ಸಂಕೋಚಪಡದೆ ಬರೆಯಬೇಕು: ಇಲ್ಲಿ ತಮ್ಮ ಸರಕು ಮಾರುವಂತಿಲ್ಲ, ಯಾವ ಪಕ್ಷದ ಪರವಾಗಿಯೂ ಮತ ಕೇಳುವಂತಿಲ್ಲ. ಬಾಯಿಮಾತಲ್ಲಿ ಹೇಳಿದರೆ ಮರೆಯುತ್ತದೆ. ಬರೆದು ಕಳಿಸಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ವಾರ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ ಫೋನ್ ಮಾಡಬೇಕು. ಅತಿಥಿಯನ್ನು ಬಾಗಿಲಲ್ಲಿ ಎದುರುಗೊಂಡು ಹೊರಡುವವರೆಗೂ ಜೊತೆಗಿರುವ ಹೊಣೆ ಒಬ್ಬರದೇ ಆಗಿರಬೇಕು. ಎಲ್ಲರ ಹೊಣೆ ಎಂದುಕೊಂಡ ದಿನ ಅತಿಥಿ ಮೂಲೆಯ ಕುರ್ಚಿಯಲ್ಲಿ ಒಬ್ಬರೇ ಕೂತಿರುತ್ತಾರೆ.

ಅತಿಥಿಯ ಸಮಯ ಹಾಳಾಗುವುದು ಬಹುತೇಕ ಕ್ಲಬ್ಬಿನ ಕೈಯಿಂದಲೇ. ಒಂದು ಗಂಟೆಯ ಸಭೆ ಹತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಐದು ನಿಮಿಷದ ಪ್ರಕಟಣೆಗಳು ಹದಿನೈದಾಗುತ್ತವೆ. ಪರಿಚಯ ಮಾಡುವವರು ಅತಿಥಿಯ ಎರಡು ಪುಟದ ಬಯೋಡೇಟಾವನ್ನು ಪದವಿ, ಪ್ರಶಸ್ತಿ, ಇಸವಿ ಸಮೇತ ಓದುತ್ತಾರೆ. ಇಪ್ಪತ್ತೈದು ನಿಮಿಷಕ್ಕೆಂದು ಸಿದ್ಧವಾಗಿ ಬಂದವರಿಗೆ ಕೊನೆಗೆ ಹನ್ನೆರಡು ನಿಮಿಷ ಸಿಗುತ್ತದೆ. ಅವರು ಓಡಿಸಿಕೊಂಡು ಹೋಗಿ, ಹೇಳಲೇಬೇಕಾದದ್ದನ್ನು ಬಿಟ್ಟು ಕೂರುತ್ತಾರೆ. ಪರಿಚಯ ಒಂದು ನಿಮಿಷ ಮೀರಬಾರದು, ಅಂದರೆ ಬರಹದಲ್ಲಿ ನೂರು ಪದಗಳ ಒಳಗೆ. ಇವರು ಯಾರು, ಈ ವಿಷಯ ಇವರಿಗೆ ಹೇಗೆ ಗೊತ್ತು, ನಮಗೆ ಇದು ಈಗ ಯಾಕೆ ಬೇಕು ಎಂಬಷ್ಟಿದ್ದರೆ ಸಾಕು. ಪ್ರಕಟಣೆಗಳನ್ನು ಮಾತಿನ ಮುಂಚೆ ಅರ್ಧ, ಆಮೇಲೆ ಅರ್ಧ ಎಂದು ಹಂಚಿದರೆ ಗಡಿಯಾರ ಕ್ಲಬ್ಬಿನ ಹಿಡಿತದಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಕೂತ ಒಬ್ಬರು ಐದು ನಿಮಿಷ ಉಳಿದಾಗ ಒಂದು ಚೀಟಿ, ಎರಡು ನಿಮಿಷ ಉಳಿದಾಗ ಇನ್ನೊಂದು ಚೀಟಿ ತೋರಿಸಬೇಕು. ಹೀಗೆ ಮಾಡುತ್ತೇವೆ ಎಂದು ಅತಿಥಿಗೆ ಮೊದಲೇ ತಿಳಿಸಿದ್ದರೆ ಅದರಲ್ಲಿ ಅಗೌರವವೇನೂ ಇಲ್ಲ.

ಅತಿಥಿ ಕೊನೆ ಗಳಿಗೆಯಲ್ಲಿ ಬರಲಾಗದಿದ್ದರೆ? ಕ್ಲಬ್ಬಿನೊಳಗಿನ ಇಬ್ಬರು ಸದಸ್ಯರು ತಮ್ಮ ವೃತ್ತಿಯ ಬಗ್ಗೆ ಹದಿನೈದು ನಿಮಿಷದ ಮಾತನ್ನು ಯಾವಾಗಲೂ ಸಿದ್ಧ ಇಟ್ಟುಕೊಂಡಿರಬೇಕು. ಹೊಸದಾಗಿ ಸೇರಿದವರಿಂದ ಇಂಥ ಮಾತು ಆಡಿಸುವುದು ಹಳೆಯ ಪದ್ಧತಿ, ಬಿಡಬಾರದ ಪದ್ಧತಿ.

ಇನ್ನು ಹಣದ ಮಾತು. ಉದ್ದೇಶ ಒಂದೇ ಇರಬೇಕು, ಗುರಿ ಅಂಕಿಯಲ್ಲಿ ಇರಬೇಕು. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಯೋಜನೆ ಹಿಡಿಯಿತು; ಅದರ ಅನುಭವದ ಮೇಲೆ 1985ರಲ್ಲಿ ಪೋಲಿಯೊಪ್ಲಸ್ ಎಂಬ ಲಸಿಕೆ ಅಭಿಯಾನ ಘೋಷಿಸಿ 12 ಕೋಟಿ ಡಾಲರ್ ಸಂಗ್ರಹದ ಗುರಿ ಇಟ್ಟುಕೊಂಡಿತು. 1988ರ ಹೊತ್ತಿಗೆ ಬಂದದ್ದು 24.7 ಕೋಟಿ. ಮುಖ್ಯವಾಗಿ ಒಂದೇ ರೋಗ, ಒಂದೇ ಅಂಕಿ: ಯಾವ ಸದಸ್ಯರು ಯಾರಿಗೆ ಬೇಕಾದರೂ ಒಂದು ವಾಕ್ಯದಲ್ಲಿ ಹೇಳಬಹುದಿತ್ತು. "ವಿವಿಧ ಸೇವಾ ಚಟುವಟಿಕೆಗಳಿಗಾಗಿ" ಎಂದು ಟಿಕೆಟ್ ಮೇಲೆ ಅಚ್ಚು ಹಾಕಿಸಿದರೆ ಕೊಳ್ಳುವವರ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ.

ಆಮೇಲೆ ಲೆಕ್ಕ. 600 ಆಸನದ ಸಭಾಂಗಣದಲ್ಲಿ ಒಂದು ಸಂಗೀತ ಸಂಜೆ ಎಂದಿಟ್ಟುಕೊಳ್ಳಿ. ಬಾಡಿಗೆ, ಧ್ವನಿವರ್ಧಕ, ಮುದ್ರಣ, ಕಲಾವಿದರ ಸಂಭಾವನೆ ಎಲ್ಲ ಸೇರಿ 400 ಟಿಕೆಟ್ ಮಾರಿದರೆ ಖರ್ಚಿನಷ್ಟು ಹಣ ಹುಟ್ಟುತ್ತದೆ. ಹಾಗಾದರೆ ಎಲ್ಲ ಟಿಕೆಟ್ ಮಾರಿದರೂ ಸೇವೆಗೆ ಸಿಗುವುದು ಉಳಿದ 200 ಟಿಕೆಟ್ಟಿನ ಹಣ ಮಾತ್ರ. ಈಗ ಪದಾಧಿಕಾರಿಗಳು ಅಲ್ಲಿ ಇಲ್ಲಿ 60 ಗೌರವ ಪಾಸ್ ಕೊಟ್ಟರೆನ್ನಿ. ಸಭಾಂಗಣದ ಹತ್ತನೇ ಒಂದು ಭಾಗ ತಾನೇ ಎಂದು ಅನಿಸುತ್ತದೆ. ಆದರೆ ಹೋದದ್ದು ಸೇವೆಯ 200ರಲ್ಲಿ 60, ಅಂದರೆ ನೂರಕ್ಕೆ ಮೂವತ್ತು. ಇದೇ ಲೆಕ್ಕ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. ಪ್ರಾಯೋಜಕರಿಂದ ಖರ್ಚಿನ ಅರ್ಧ ಮೊದಲೇ ಬಂದುಬಿಟ್ಟರೆ ಸೇವೆಗೆ ಉಳಿಯುವುದು 400 ಟಿಕೆಟ್ಟಿನ ಹಣ, ಎರಡು ಪಟ್ಟು. ಆದ್ದರಿಂದ ಪ್ರಾಯೋಜಕರು ಮೊದಲು, ಮುದ್ರಣ ಆಮೇಲೆ. ಖರ್ಚಿನ ಅರ್ಧಕ್ಕೆ ಲಿಖಿತ ಒಪ್ಪಿಗೆ ಸಿಗುವ ತನಕ ಸಭಾಂಗಣಕ್ಕೆ ಹಿಂದಿರುಗಿ ಬಾರದ ಮುಂಗಡ ಕಟ್ಟಬಾರದು. ಪಾಸ್ ಎಷ್ಟು, ಯಾರಿಗೆ ಎಂಬುದನ್ನು ಆಡಳಿತ ಮಂಡಳಿ ನಿರ್ಣಯದಲ್ಲಿ ಬರೆದಿಡಬೇಕು. ಬರೆದಿಟ್ಟ ಸಂಖ್ಯೆ ತಾನಾಗಿಯೇ ಚಿಕ್ಕದಾಗುತ್ತದೆ.

ಪ್ರಾಯೋಜಕರ ಬಳಿ ಹೋಗುವ ಮುನ್ನ ಯಾರು ಯಾರನ್ನು ಕಾಣಬೇಕೆಂಬ ಪಟ್ಟಿ ಒಂದೇ ಕಡೆ ಇರಬೇಕು. ಇಲ್ಲದಿದ್ದರೆ ಒಬ್ಬ ವ್ಯಾಪಾರಿಯ ಬಾಗಿಲಿಗೆ ಒಂದೇ ವಾರದಲ್ಲಿ ಮೂವರು ಸದಸ್ಯರು ಹೋಗುತ್ತಾರೆ. ಅವರು ಮೂವರಿಗೂ ಸೇರಿಸಿ ಒಂದು ಚಿಕ್ಕ ಮೊತ್ತ ಕೊಟ್ಟು ಕಳಿಸುತ್ತಾರೆ, ಮುಂದಿನ ವರ್ಷ ಅದೂ ಇಲ್ಲ.

ಟಿಕೆಟ್ ಹಂಚುವುದರಲ್ಲಿ ಬಹು ಸಾಮಾನ್ಯವಾದ ತಪ್ಪೆಂದರೆ ಸಮಪಾಲು. 40 ಸದಸ್ಯರಿಗೆ ತಲಾ 15 ಕೊಟ್ಟರೆ 600 ಆಯಿತು ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ 50 ಮಾರಬಲ್ಲವರ ಕೈಯಲ್ಲಿ 15 ಮುಗಿದು ಅವರು ಸುಮ್ಮನಾಗುತ್ತಾರೆ. ಮೂರಕ್ಕಿಂತ ಹೆಚ್ಚು ಮಾರಲಾಗದವರ ಕೈಯಲ್ಲಿ 12 ಕೊಳೆಯುತ್ತವೆ. ನೀವೆಷ್ಟು ಮಾರಬಲ್ಲಿರಿ ಎಂದು ಒಬ್ಬೊಬ್ಬರನ್ನೂ ಕೇಳಿ ಅಷ್ಟೇ ಕೊಡುವುದು ಸರಿ. ಕ್ರಮಸಂಖ್ಯೆ ಯಾವುದರಿಂದ ಯಾವುದರವರೆಗೆ ಎಂದು ಪುಸ್ತಕದಲ್ಲಿ ಬರೆದು ಸಹಿ ಪಡೆಯಬೇಕು. ಮೂರು ವಾರ ಇರುವಾಗ ಒಮ್ಮೆ ಮಾರಾಟದ ಅಂಕಿ, ಹತ್ತು ದಿನ ಇರುವಾಗ ಮಾರದೆ ಉಳಿದ ಟಿಕೆಟ್ಟುಗಳು ವಾಪಸ್. ಜನ ಹೆಚ್ಚಾಗಿ ಟಿಕೆಟ್ ಕೊಳ್ಳುವುದೇ ಕೊನೆಯ ಹತ್ತು ದಿನಗಳಲ್ಲಿ. ಆ ಹೊತ್ತಿಗೆ ಉಳಿದ ಟಿಕೆಟ್ಟುಗಳು ಮಾರಬಲ್ಲವರ ಕೈಸೇರಿರಬೇಕು. ಮಾರಲಾಗದವರನ್ನು ಸಭೆಯಲ್ಲಿ ಹೆಸರಿಟ್ಟು ಕರೆಯುವುದಂತೂ ಕೂಡದು. ಬಾಗಿಲು ಕಾಯುವುದು, ಆಸನ ತೋರಿಸುವುದು, ಲೆಕ್ಕ ಬರೆಯುವುದು ಅವರಿಗೆ ಒಗ್ಗಬಹುದು, ಆ ಕೆಲಸಗಳಿಗೂ ಜನ ಬೇಕು. ಲಾಟರಿ ಅಥವಾ ಬಹುಮಾನದ ಕೂಪನ್ ಯೋಚನೆ ಇದ್ದರೆ ಅಚ್ಚಿಗೆ ಕೊಡುವ ಮೊದಲೇ ಕಾನೂನು ವಿಚಾರಿಸಬೇಕು. ಅನೇಕ ಕಡೆ ಅದಕ್ಕೆ ಪರವಾನಗಿ ಬೇಕು, ಕೆಲವು ಕಡೆ ಅದು ನಿಷಿದ್ಧ.

ಕಾರ್ಯಕ್ರಮದ ದಿನ ಕೌಂಟರಿನ ಮೇಜನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೀಗವಿರುವ ಪೆಟ್ಟಿಗೆ, ಎಣಿಸಿ ಬರೆದಿಟ್ಟ ಚಿಲ್ಲರೆ, ಟಿಕೆಟ್ ಪುಸ್ತಕ, ರಸೀದಿ ಪುಸ್ತಕ, ಎರಡು ಪೆನ್ನು, ಕ್ಯೂಆರ್ ಕೋಡ್ ಹಲಗೆ. ಮೇಜಿನ ಹಿಂದೆ ಯಾವಾಗಲೂ ಇಬ್ಬರು, ಒಂದೇ ಮನೆಯವರಲ್ಲದ ಇಬ್ಬರು. ಕ್ಯೂಆರ್ ಕೋಡ್ ಕ್ಲಬ್ಬಿನ ಖಾತೆಯದೇ ಆಗಿರಬೇಕು, ಖಜಾಂಚಿಯ ಸ್ವಂತ ಖಾತೆಯದಲ್ಲ. ಖಜಾಂಚಿ ಎಷ್ಟೇ ಪ್ರಾಮಾಣಿಕರಿದ್ದರೂ ಸ್ವಂತ ಖಾತೆಗೆ ಬಂದ ಹಣ ಅವರ ಆದಾಯದಂತೆಯೇ ಕಾಣುತ್ತದೆ. ನಾಳೆ ಯಾರಾದರೂ ಕೇಳಿದರೆ ಬಿಡಿಸಿ ತೋರಿಸುವುದು ಅವರಿಗೇ ಕಷ್ಟ. ಬಾಗಿಲು ತೆರೆಯುವ ಮುನ್ನ ಒಂದು ಸಣ್ಣ ಮೊತ್ತ ಹಾಕಿ, ಯಾವ ಹೆಸರು ತೋರಿಸುತ್ತದೆ, ಸಂದೇಶ ಯಾರ ಫೋನಿಗೆ ಬರುತ್ತದೆ ಎಂದು ನೋಡಿಕೊಳ್ಳಬೇಕು. ನೂರಾರು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುವುದು ಮಾಮೂಲು. ಆಗ "ಹಣ ಹೋಗಿದೆ" ಎನ್ನುವವರ ಹೆಸರು, ವೇಳೆ, ಮೊತ್ತ ಬರೆದುಕೊಳ್ಳಲು ಒಂದು ಹಾಳೆ ಇದ್ದರೆ ಮರುದಿನ ಬ್ಯಾಂಕಿನ ವಿವರದ ಜೊತೆ ತಾಳೆ ನೋಡಬಹುದು.

ಮುಗಿದ ಮೇಲೆ ಹಣವನ್ನು ಅಲ್ಲೇ ಎಣಿಸಬೇಕು, ಮನೆಗೆ ಒಯ್ದು ಅಲ್ಲ. ಯಾವ ನೋಟು ಎಷ್ಟು ಎಂದು ಒಬ್ಬರು ಎಣಿಸುವುದು, ಇನ್ನೊಬ್ಬರು ಮತ್ತೆ ಎಣಿಸಿ ಬರೆಯುವುದು, ಇಬ್ಬರೂ ಸಹಿ ಮಾಡುವುದು. ಚಿಲ್ಲರೆಗೆಂದು ಇಟ್ಟ ಹಣವನ್ನು ಮೊದಲು ತೆಗೆದಿಡಬೇಕು, ಇಲ್ಲವಾದರೆ ಅದೂ ಸಂಗ್ರಹದಲ್ಲಿ ಸೇರಿ ಲೆಕ್ಕ ಉಬ್ಬುತ್ತದೆ. ಹರಿದ ಟಿಕೆಟ್ಟುಗಳ ಅರ್ಧತುಂಡುಗಳು ಒಂದು ಕಡೆ, ನಗದು ಮತ್ತು ಖಾತೆಗೆ ಬಂದ ಹಣ ಇನ್ನೊಂದು ಕಡೆ, ಎರಡೂ ಹೊಂದಬೇಕು. ಹೊಂದದೆ ಸ್ವಲ್ಪ ಕಡಿಮೆ ಬಂದರೆ ಯಾರೋ ಒಬ್ಬರು ತಮ್ಮ ಜೇಬಿನಿಂದ ತುಂಬಿಸಿ ಸರಿಮಾಡುವುದುಂಟು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೂ ಮಾಡಬಾರದು. ವ್ಯತ್ಯಾಸವನ್ನು ಇದ್ದಂತೆಯೇ ಬರೆಯಬೇಕು. ಪ್ರತಿ ಸಲವೂ ಒಂದೇ ಕೌಂಟರಿನಲ್ಲಿ ಕಡಿಮೆ ಬರುತ್ತಿದೆ ಎಂಬುದು ತಿಳಿಯುವುದು ಹಾಗೆ ಬರೆದಿಟ್ಟಾಗಲೇ. ಮರುದಿನ ಬ್ಯಾಂಕ್ ತೆರೆದ ಕೂಡಲೇ ಪೂರ್ತಿ ಮೊತ್ತ ಜಮಾ ಆಗಬೇಕು. ಅದರಿಂದಲೇ ಖರ್ಚು ಕಳೆದು ಉಳಿದದ್ದನ್ನು ಕಟ್ಟುವ ಅಭ್ಯಾಸ ಲೆಕ್ಕಪರಿಶೋಧಕರಿಗೆ ತಲೆನೋವು.

ಜಮಾ ಆಗುವುದು ಯಾವ ಖಾತೆಗೆ ಎಂಬುದೂ ಮುಖ್ಯ. ಸದಸ್ಯರ ಚಂದಾ ಹಣಕ್ಕೆ ಒಂದು ಖಾತೆ, ಸಾರ್ವಜನಿಕರಿಂದ ಬಂದದ್ದಕ್ಕೆ ಇನ್ನೊಂದು. ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರಿಗೇ ಹಿಂದಿರುಗಬೇಕು, ಕ್ಲಬ್ಬಿನ ಆಡಳಿತ ಖರ್ಚು ಸದಸ್ಯರ ಚಂದಾದಿಂದಲೇ ನಡೆಯಬೇಕು ಎಂಬುದು ಲಯನ್ಸ್ ಕ್ಲಬ್ಬುಗಳ ನಿಯಮ. ಬೇರೆ ಕ್ಲಬ್ಬುಗಳೂ ಇದನ್ನು ಕಣ್ಣುಮುಚ್ಚಿ ಅನುಸರಿಸಬಹುದು. "ಈ ತಿಂಗಳು ಬಾಡಿಗೆ ಕಟ್ಟಿಬಿಡೋಣ, ಮುಂದಿನ ತಿಂಗಳು ವಾಪಸ್ ಹಾಕೋಣ" ಎಂದು ಒಮ್ಮೆ ಶುರುವಾದರೆ ಮುಂದಿನ ತಿಂಗಳು ಬರುವುದೇ ಇಲ್ಲ.

ದೇಣಿಗೆ ಕೊಟ್ಟವರಿಗೆ ವಾರದೊಳಗೆ ಕೃತಜ್ಞತೆ, ತಿಂಗಳೊಳಗೆ ಲೆಕ್ಕ. ಒಟ್ಟು ಬಂದದ್ದು, ಖರ್ಚಾದದ್ದು, ಉಳಿದದ್ದು, ಅದು ಹೋದದ್ದು ಎಲ್ಲಿಗೆ ಎಂದು ನಾಲ್ಕು ಸಾಲು ಸಾಕು. ಆರು ತಿಂಗಳ ಮೇಲೆ ಇನ್ನೊಂದು ಪತ್ರ ಹೋಗಬೇಕು, ಇದನ್ನು ಮಾಡುವ ಕ್ಲಬ್ಬು ಬಹಳ ಕಡಿಮೆ. ಶಾಲೆಗೆ ಕೊಟ್ಟ ನೀರು ಶುದ್ಧೀಕರಣ ಯಂತ್ರ ಈಗ ಹೇಗಿದೆ? ಫಿಲ್ಟರ್ ಬದಲಿಸಿದ್ದಾರೆಯೇ? ಬದಲಿಸಲು ಹಣ ಯಾರದು? ಕೊಡುವಾಗ ಫೋಟೊ ತೆಗೆಸಿಕೊಂಡು, ನಿರ್ವಹಣೆಗೆ ಏನೂ ಇಡದೆ ಬಂದದ್ದರಿಂದ ಮೂಲೆ ಸೇರಿದ ಯಂತ್ರಗಳು ಎಷ್ಟಿಲ್ಲ! ಸಂಗ್ರಹದ ಹತ್ತನೇ ಒಂದು ಭಾಗವನ್ನಾದರೂ ಎರಡು ವರ್ಷದ ನಿರ್ವಹಣೆಗೆಂದು ಮೊದಲೇ ತೆಗೆದಿಡಬೇಕು. ಫೋಟೊ ವಿಚಾರದಲ್ಲೂ ಒಂದು ಮಾತು: ನೆರವು ಪಡೆದ ಮಗುವಿನ ಮುಖ ನಿಮ್ಮ ಬ್ಯಾನರಿನ ಮುಂದೆ ಬೇಕಿಲ್ಲ. ಆ ಮಗು ದೊಡ್ಡದಾದ ಮೇಲೂ ಆ ಫೋಟೊ ಉಳಿದಿರುತ್ತದೆ.

ಸದಸ್ಯರ ಸುದ್ದಿಗೆ ಸಭೆಯಲ್ಲಿ ಐದು ನಿಮಿಷ ಸಾಲುತ್ತದೆ, ಆದರೆ ಆ ಐದು ನಿಮಿಷಕ್ಕೆ ವಾರವಿಡೀ ಯಾರೋ ಒಬ್ಬರು ಕಿವಿ ತೆರೆದಿಟ್ಟುಕೊಂಡಿರಬೇಕು. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಸುಲಭ, ಪಟ್ಟಿ ಇರುತ್ತದೆ. ಬಡ್ತಿ, ನಿವೃತ್ತಿ, ಮಕ್ಕಳ ಫಲಿತಾಂಶ ತಾವಾಗಿಯೇ ಹೇಳಿಕೊಳ್ಳುತ್ತಾರೆ. ಅನೇಕ ಕ್ಲಬ್ಬುಗಳಲ್ಲಿ ಸಂತೋಷದ ಸುದ್ದಿ ಹೇಳುವವರು ಪೆಟ್ಟಿಗೆಗೆ ಒಂದು ಸಣ್ಣ ಮೊತ್ತ ಹಾಕುವ ರೂಢಿ ಇದೆ. ಸುದ್ದಿಗೆ ಸುದ್ದಿ, ನಿಧಿಗೆ ನಿಧಿ. ಆದರೆ ಅದು ಎಂದೂ ಕಡ್ಡಾಯವಾಗಬಾರದು, ಮೊತ್ತವನ್ನು ಗಟ್ಟಿಯಾಗಿ ಓದಬಾರದು. ಕಷ್ಟದ ಸುದ್ದಿಯಲ್ಲಿ ಎಚ್ಚರ ಹೆಚ್ಚು ಬೇಕು. ಆಸ್ಪತ್ರೆಗೆ ಸೇರಿದವರ ವಿಷಯವನ್ನು ಅವರ ಅಥವಾ ಮನೆಯವರ ಒಪ್ಪಿಗೆ ಇಲ್ಲದೆ ಸಭೆಯಲ್ಲಿ ಹೇಳಬಾರದು, ಗುಂಪಿನ ಸಂದೇಶಕ್ಕೆ ಹಾಕುವುದಂತೂ ಬೇಡವೇ ಬೇಡ. ಒಪ್ಪಿದರೂ ರೋಗದ ಹೆಸರು ಬೇಡ. ನೋಡಲು ಹೋಗಬಹುದೇ, ಫೋನ್ ಮಾಡಬಹುದೇ ಎಂಬಷ್ಟು ತಿಳಿಸಿದರೆ ಉಳಿದವರಿಗೆ ಉಪಕಾರ.

ಸತತ ಮೂರು ಸಭೆಗೆ ಬಾರದವರಿಗೆ ಒಂದು ಕರೆ ಹೋಗಲೇಬೇಕು. ಕಾರ್ಯದರ್ಶಿಯ ಹಾಜರಿ ಜ್ಞಾಪನ ಪತ್ರ ಸಾಲದು, ಅವರನ್ನು ಕ್ಲಬ್ಬಿಗೆ ಕರೆತಂದವರೇ ಮಾತಾಡಬೇಕು. "ಯಾಕೆ ಬರಲಿಲ್ಲ" ಎಂಬ ಪ್ರಶ್ನೆಯನ್ನು ಬದಿಗಿಟ್ಟು "ಹೇಗಿದ್ದೀರಿ" ಎಂದು ಶುರುಮಾಡಬೇಕು. ಕೆಲಸ ಹೋಗಿರುತ್ತದೆ, ಚಂದಾ ಕಟ್ಟಲಾಗದ ಸಂಕೋಚ ಇರುತ್ತದೆ, ಮನೆಯಲ್ಲಿ ಹಿರಿಯರ ಆರೈಕೆ ಹೆಗಲಿಗೆ ಬಿದ್ದಿರುತ್ತದೆ. ಚಂದಾ ಬಾಕಿಯಿದ್ದರೆ ಅದನ್ನು ಖಜಾಂಚಿ ಒಬ್ಬರೇ, ಖಾಸಗಿಯಾಗಿ, ಕಂತಿನ ದಾರಿ ತೋರಿಸಿ ಮಾತಾಡಬೇಕು. ಸದಸ್ಯರನ್ನು ಉಳಿಸಿಕೊಳ್ಳುವ ಸಮಿತಿಗಳ ವರದಿಗಳಲ್ಲಿ ಈ ಒಂದು ಫೋನ್ ಕರೆ ಸಾಮಾನ್ಯವಾಗಿ ಕಾಣುವುದಿಲ್ಲ, ಆದರೆ ಉಳಿದವರು ಯಾಕೆ ಉಳಿದರು ಎಂದು ವಿಚಾರಿಸಿದರೆ ಬಹುಪಾಲು ಇಂಥದ್ದೇ ಒಂದು ಕರೆಯ ನೆನಪು ಹೇಳುತ್ತಾರೆ.

ವಾರ್ತಾಪತ್ರದಲ್ಲಿ ಹೆಸರಿನ ಕಾಗುಣಿತ ತಪ್ಪಬಾರದು. ಫೋಟೊ ಅಡಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಇರಲಿ, ಕೊನೆಯಲ್ಲಿ ನಿಂತವರನ್ನು "ಮತ್ತಿತರರು" ಮಾಡಬೇಡಿ. ಅತಿಥಿಯ ಮಾತಿನ ಸಾರ ಎಂಟು ಹತ್ತು ಸಾಲಿನಲ್ಲಿ ಬರಲಿ, ಬಾರದವರಿಗೆ ಅದೇ ಸಭೆ.

ರೋಟರಿ, ಲಯನ್ಸ್ ಎರಡರಲ್ಲೂ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಪದಾಧಿಕಾರಿಗಳು ಬದಲಾಗುತ್ತಾರೆ. ಪದಗ್ರಹಣದ ಸಮಾರಂಭಕ್ಕೆ ಒಂದು ತಿಂಗಳ ತಯಾರಿ ನಡೆಯುತ್ತದೆ, ಕೆಲಸ ವಹಿಸಿಕೊಡುವುದಕ್ಕೆ ಅರ್ಧ ಗಂಟೆಯೂ ಸಿಗುವುದಿಲ್ಲ. ಹೊಸ ಖಜಾಂಚಿಯ ಸಹಿ ಬ್ಯಾಂಕಿನಲ್ಲಿ ಬದಲಾಗಲು ವಾರಗಳೇ ಹಿಡಿಯಬಹುದು, ಆದ್ದರಿಂದ ನಿರ್ಣಯದ ಪ್ರತಿಯನ್ನು ಮೇ ತಿಂಗಳಲ್ಲೇ ಬ್ಯಾಂಕಿಗೆ ಕೊಟ್ಟಿರಬೇಕು. ಹಳೆಯ ತಂಡ ಹೊಸ ತಂಡಕ್ಕೆ ಕೊಡಬೇಕಾದದ್ದು ಮೂರು ಪಟ್ಟಿ: ಪ್ರಾಯೋಜಕರು, ಅವರನ್ನು ಕಂಡವರು ಮತ್ತು ಅವರು ಕೊಟ್ಟ ಮೊತ್ತ; ಬಂದ ಅತಿಥಿಗಳು, ಬರುತ್ತೇನೆಂದು ಒಪ್ಪಿ ಇನ್ನೂ ದಿನ ಗೊತ್ತಾಗದವರು; ಹಿಂದಿನ ಮೂರು ತಿಂಗಳಲ್ಲಿ ಸಭೆಗೆ ಬಾರದ ಸದಸ್ಯರು ಮತ್ತು ಅವರಿಗೆ ಕೊನೆಯ ಕರೆ ಹೋದ ದಿನ. ಇವು ಹಳೆಯ ಕಾರ್ಯದರ್ಶಿಯ ಫೋನಿನಲ್ಲೇ ಉಳಿದುಬಿಟ್ಟರೆ ಹೊಸಬರ ಮೊದಲ ಮೂರು ತಿಂಗಳು ಇದ್ದದ್ದನ್ನೇ ಮತ್ತೆ ಹುಡುಕುವುದರಲ್ಲಿ ಕಳೆಯುತ್ತದೆ.